ಗೋಮಾಳದಲ್ಲಿ ಹೊತ್ತಿದ ದೀಪ

ಕಳೆದ ಮಳೆಗಾಲದ ಒಂದು ನಡುರಾತ್ರಿ ನನ್ನಾಕೆ ಬಚ್ಚಲಿಗೆ ಹೋಗುವಾಗ ನಡುಮನೆಯ ಕತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ದೀಪದ ಸ್ವಿಚ್ಚು ಇದ್ದದ್ದು ಎದುರು ಗೋಡೆಯಲ್ಲಿ. ಅದನ್ನು ತಲುಪುವ ಮೊದಲೇ ಅನಾಹುತವಾಗಿತ್ತು. ವಿಷಯ ತಿಳಿದ ಮಗ ಒಂದು ಸ್ಮಾರ್ಟ್ ಬಲ್ಬನ್ನು ಕಳುಹಿಸಿದ. "ಮನೆಯ ವೈಫೈಗೆ ಜೋಡಿಸಿದರೆ ಸಾಕು ಅಪ್ಪ, ಅಮ್ಮ ಹಾಸಿಗೆಯಿಂದಲೇ ಮೊಬೈಲಿನಲ್ಲಿ ಹೊತ್ತಿಸಬಹುದು" ಎಂದ. ಆ 'ಸಾಕು' ಎಂಬ ಮಾತಿನ ಹಿಂದೆ ಮುಕ್ಕಾಲು ಶತಮಾನದ ಚರಿತ್ರೆ ಅಡಗಿದೆಯೆಂದು ನನಗೆ ತಿಳಿದದ್ದು ಎರಡು ದಿನ ಹೆಣಗಾಡಿ ಸೋತ ಮೇಲೆ.

ಸೂಚನೆಯ ಹಾಳೆಯಲ್ಲಿದ್ದಂತೆ ಸ್ವಿಚ್ಚನ್ನು ಬೇಗಬೇಗನೆ ಆರಿಸಿ ಹೊತ್ತಿಸಿದೆ. ಬಲ್ಬು ಮಿಣುಕತೊಡಗಿತು. ಗುಪ್ತಪದವನ್ನು ಅಕ್ಷರ ತಪ್ಪದಂತೆ ಬರೆದೆ. ಪ್ರತಿ ಬಾರಿಯೂ ಒಂದೇ ಉತ್ತರ: ಸಂಪರ್ಕ ವಿಫಲ. ಕೊನೆಗೆ ಬೀದಿಯ ಕೊನೆಯಲ್ಲಿ ವಿದ್ಯುತ್ ಉಪಕರಣಗಳ ಅಂಗಡಿಯಿಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆದೆ. ಅವನು ಮೊಬೈಲನ್ನು ನೋಡಿ ನಕ್ಕ. "ಸಾರ್, ಬಲ್ಬಿನಲ್ಲಿ ದೋಷವಿಲ್ಲ. ನಿಮ್ಮ ಫೋನು 5 ಗಿಗಾಹರ್ಟ್ಸ್ ದಾರಿಯಲ್ಲಿದೆ. ಬಲ್ಬಿಗೆ ಗೊತ್ತಿರುವುದು 2.4 ಒಂದೇ. ರೂಟರು ಎರಡಕ್ಕೂ ಒಂದೇ ಹೆಸರಿಟ್ಟಿದೆ." ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದಾಗ ಆಗುವ ಫಜೀತಿ ಇದೆಂದು ನನಗೆ ಕೂಡಲೇ ಅರ್ಥವಾಯಿತು.

ಆದರೆ ಬಲ್ಬಿಗೆ ಆ ಒಂದೇ ದಾರಿ ಏಕೆ ಗೊತ್ತು? ಚರಿತ್ರೆಯ ಪಾಠ ಹೇಳಿದವನಿಗೆ ಈ 'ಏಕೆ' ಎಂಬುದು ಬಿಡದ ಚಟ. ಹುಡುಕಿ ಓದಿದೆ.

ಎರಡನೆಯ ಮಹಾಯುದ್ಧದಲ್ಲಿ ರೇಡಾರಿಗಾಗಿ ಬೆಳೆದ ಸೂಕ್ಷ್ಮತರಂಗಗಳ ವಿದ್ಯೆಯನ್ನು ಯುದ್ಧ ಮುಗಿಯುತ್ತಿದ್ದಂತೆ ಅಡುಗೆಗೆ ತಿರುಗಿಸಿದವರು ಅಮೆರಿಕದ ಪರ್ಸಿ ಸ್ಪೆನ್ಸರ್. 1945ರಲ್ಲಿ ಅವರು ಅದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನವು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಯಂತ್ರಗಳಿಗೆಂದು ಕೆಲವು ತರಂಗಪಟ್ಟಿಗಳನ್ನು ಬಿಟ್ಟುಕೊಟ್ಟಿತು. 2450 ಮೆಗಾಹರ್ಟ್ಸಿನ ಸುತ್ತಲಿನ ಪಟ್ಟಿ ಅವುಗಳಲ್ಲೊಂದು. ಬಿಸಿಮಾಡುವ ಯಂತ್ರಗಳ ಗದ್ದಲ ತುಂಬಿದ ಈ ಪಟ್ಟಿ ಸಂದೇಶ ಕಳುಹಿಸುವವರ ದೃಷ್ಟಿಯಲ್ಲಿ ಬಂಜರು ಭೂಮಿಯಾಗಿತ್ತು.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಈ ಬಂಜರಿನಲ್ಲಿ ಯಾರು ಬೇಕಾದರೂ ಪರವಾನಗಿಯಿಲ್ಲದೆ, ಮಿತವಾದ ಶಕ್ತಿಯಿಂದ, ಸಂಕೇತವನ್ನು ಅಗಲವಾಗಿ ಹರಡಿ ಕಳುಹಿಸಬಹುದೆಂದು ಅನುಮತಿ ನೀಡಿತು. ಅದರ ಫಲವಾಗಿ 1997ರಲ್ಲಿ 802.11 ಎಂಬ ನಿಸ್ತಂತು ಮಾನಕವು ಹೊರಬಂದಿತು. ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. 1999ರಲ್ಲಿ ವೇಗ 11ಕ್ಕೇರಿತು, ವೈಫೈ ಎಂಬ ಹೆಸರೂ ಬಂತು. ನಮ್ಮ ದೇಶದಲ್ಲಿ ಈ ಪಟ್ಟಿಗೆ ಪರವಾನಗಿಯಿಂದ ವಿನಾಯಿತಿ ದೊರೆತದ್ದು 2005ರಲ್ಲಿ. ಅದರ ಷರತ್ತು ಗಮನಾರ್ಹ: ಯಾರಿಗೂ ತೊಂದರೆ ಕೊಡಬಾರದು, ಬೇರೆಯವರಿಂದ ತೊಂದರೆಯಾದರೆ ರಕ್ಷಣೆ ಕೇಳುವಂತಿಲ್ಲ.

ಓದುಗರೇ, ಇದು ನಮ್ಮ ಹಳ್ಳಿಯ ಗೋಮಾಳವಲ್ಲದೆ ಮತ್ತೇನು? ಯಾರ ಹೆಸರಿನಲ್ಲೂ ಪಟ್ಟೆಯಿಲ್ಲ, ಯಾರ ದನವನ್ನೂ ಹೊರಗಟ್ಟುವಂತಿಲ್ಲ. ನೆರೆಯವರ ರೂಟರು, ಬ್ಲೂಟೂತ್ ಸಾಧನಗಳು, ಅಡುಗೆಮನೆಯ ಮೈಕ್ರೋವೇವ್ ಒಲೆ, ಎಲ್ಲವೂ ಮೇಯುವುದು ಅಲ್ಲಿಯೇ. 5 ಗಿಗಾಹರ್ಟ್ಸ್ ದಾರಿ ಅಗಲವಾದದ್ದು, ವೇಗವಾದದ್ದು. ಆದರೆ ಅದರ ಅಲೆ ಗೋಡೆಗಳನ್ನು ದಾಟುವಾಗ ಹೆಚ್ಚು ಸೊರಗುತ್ತದೆ. 'ಹೊತ್ತು', 'ಆರು' ಎಂಬ ಎರಡು ಮಾತು ಕೇಳಬೇಕಾದ ಬಲ್ಬಿಗೆ ವೇಗವೇಕೆ? ಅಗ್ಗದ ಚಿಪ್ಪು ಮತ್ತು ದೂರ ತಲುಪುವ ಅಲೆ ಅದಕ್ಕೆ ಸಾಕು.

ಶಿಷ್ಯನು ರೂಟರಿನ ಎರಡು ದಾರಿಗಳಿಗೂ ಬೇರೆ ಬೇರೆ ಹೆಸರಿಟ್ಟ. ಫೋನನ್ನು 2.4ಕ್ಕೆ ತಂದ. ಆ ದಾರಿಯ ಭದ್ರತೆಯನ್ನು ಆ ಬಲ್ಬಿಗೆ ತಿಳಿಯದ ಹೊಸ ಡಬ್ಲ್ಯುಪಿಎ3ರಿಂದ ಡಬ್ಲ್ಯುಪಿಎ2ಕ್ಕೆ ಬದಲಿಸಿದ. ಒಂದರ ಮೇಲೊಂದು ಬೀಳದ 1, 6, 11ನೆಯ ಚಾನೆಲ್ಲುಗಳಲ್ಲಿ ನೆರೆಯವರ ಸಂದಣಿ ಕಡಿಮೆಯಿದ್ದ 11ನ್ನು ಆರಿಸಿದ. ಬಲ್ಬು ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾಗಿ ಬೆಳಗಿತು. ಹುಡುಗನಾಗಿದ್ದಾಗ ಗಣಿತದಲ್ಲಿ ತಪ್ಪಿದನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅಂದು ನಾನೇ ಬೆಂಚಿನ ಮೇಲೆ ನಿಂತಂತಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೂರನೆಯ ರಾತ್ರಿ ನನ್ನಾಕೆ ಎಡಗೈಯಿಂದ ಫೋನನ್ನು ಒತ್ತಿ ಒತ್ತಿ ಸೋತು ನನ್ನನ್ನು ಎಬ್ಬಿಸಿದಳು. ಕಾರಣ ರೂಟರೂ ಅಲ್ಲ, ಗೋಮಾಳದ ಗದ್ದಲವೂ ಅಲ್ಲ. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ನನ್ನ ಬಾಳಿನುದ್ದದ ರೂಢಿ. ಗೋಡೆಯಲ್ಲಿ ವಿದ್ಯುತ್ ಕಡಿದ ಮೇಲೆ ಬಲ್ಬು ಯಾರ ಕರೆಗೆ ಓಗೊಟ್ಟೀತು? "ಪುಣ್ಯಕ್ಕೆ ಈ ಸಲ ನಿಮ್ಮನ್ನು ಎಬ್ಬಿಸಿದೆ ಕಣ್ರೀ" ಎಂದಳು. ಆ ಮಾತು ನನ್ನನ್ನು ಬಹಳ ಹೊತ್ತು ಎಚ್ಚರವಾಗಿರಿಸಿತು.

ಮರುದಿನ ಬೆಳಿಗ್ಗೆ ದಪ್ಪ ಅಕ್ಷರಗಳಲ್ಲಿ 'ಆರಿಸಬಾರದು' ಎಂದು ಬರೆದು ಆ ಸ್ವಿಚ್ಚಿನ ಮೇಲೆ ಅಂಟಿಸಿದೆ. ವಿದ್ಯುತ್ತೇ ಹೋದ ರಾತ್ರಿಗಿರಲೆಂದು ಅವಳ ದಿಂಬಿನ ಬಳಿ ಒಂದು ಬ್ಯಾಟರಿಯನ್ನೂ ಇಟ್ಟಿದ್ದೇನೆ.