ಓತಿ: ಬೇಲಿಯಿಂದ ಬೆಟ್ಟದವರೆಗೆ

ಓತಿ ಎಂಬ ಎರಡಕ್ಷರದ ಪದ ಕನ್ನಡವೊಂದರ ಸೊತ್ತಲ್ಲ. ತಮಿಳರಿಗೆ ಅದು ಓಂದಿ, ಮಲೆಯಾಳಿಗಳಿಗೆ ಓಂದ್, ತುಳುವರ ಬಾಯಲ್ಲಿ ಓಂತಿ. ಈ ಸೋದರ ನುಡಿಗಳಲ್ಲಿ ಉಳಿದ ಅನುನಾಸಿಕ ನಮ್ಮಲ್ಲೇಕೆ ಅಡಗಿತು ಎಂದು ಕೇಳಿಕೊಂಡರೆ, ಪಾಂಬು ನಮ್ಮಲ್ಲಿ ಪಾವಾಗಿ ಮುಂದೆ ಹಾವಾದದ್ದು, ತೂಂಗು ತೂಗು ಆದದ್ದು, ವೇಂಡು ಬೇಡು ಆದದ್ದು ಸಾಲಾಗಿ ನೆನಪಿಗೆ ಬರುತ್ತವೆ: ದೀರ್ಘಸ್ವರದ ಬೆನ್ನಿಗೆ ಬಂದ ಅನುನಾಸಿಕವನ್ನು ಕನ್ನಡ ಬಹಳ ಸಲ ಬಿಟ್ಟುಕೊಟ್ಟಿದೆ. ಓತಿಯೂ ಅದೇ ಹಾದಿ ಹಿಡಿಯಿತು. ಅದರ ನಂಟನಾದ ಪಲ್ಲಿ, ಪಕಾರ ಹಕಾರವಾದ ಕಾಲದಲ್ಲಿ ಹಲ್ಲಿಯಾಯಿತು. ಸ್ವರಾದಿಯಾದ ಓತಿಗೆ ಆ ಮಾರ್ಪಾಡು ತಟ್ಟಲಿಲ್ಲ.

ಆಡುಮಾತು ಅದನ್ನು ಹಾಗೆಯೇ ಬಿಡಲಿಲ್ಲ. ಓತಿಕೇತ, ಓತಿಕಾಟ, ಓತಿಕ್ಯಾತ ಎಂದು ಬಾಲ ಬೆಳೆಸಿ, ಬೇಲಿಯನ್ನೇ ಅದಕ್ಕೆ ಸಾಕ್ಷಿ ನಿಲ್ಲಿಸುವ ಗಾದೆಯನ್ನೂ ಕಟ್ಟಿತು. ಅಮರಕೋಶದ ಸರಟ, ಕೃಕಲಾಸಗಳು ಪಂಡಿತರ ನಾಲಗೆಯಲ್ಲೇ ಉಳಿದವು; ಶಾಪಗ್ರಸ್ತ ನೃಗರಾಜ ಬಾವಿಯಲ್ಲಿ ಕೃಕಲಾಸವಾಗಿ ಬಿದ್ದಿದ್ದ ಭಾಗವತದ ಕಥೆ ಕೇಳಿದವರೂ ಬೇಲಿಯ ಮೇಲಿನದನ್ನು ಓತಿಯೆಂದೇ ಕರೆದರು. ಗೋಸುಂಬೆಯ ಸಂಗತಿ ಬೇರೆ. ಕಣ್ಣುಗಳನ್ನು ಒಂದೊಂದು ದಿಕ್ಕಿಗೆ ಹೊರಳಿಸುವ, ಬಾಲದಿಂದ ಕೊಂಬೆ ಸುತ್ತುವ ಅದರ ಕುಟುಂಬವೇ ಬೇರೆ. ಬಣ್ಣ ಬದಲಿಸುತ್ತದೆಂಬ ಒಂದೇ ಗುಣ ಹಿಡಿದು ಓತಿಯನ್ನೂ ಗೋಸುಂಬೆ ಎನ್ನುವುದು ಸಡಿಲ ಬಳಕೆ.

ಬೇಲಿ ಬಿಟ್ಟು ಬೆಟ್ಟ ಹತ್ತಿದರೆ ಪದ ಕವಲೊಡೆಯುತ್ತದೆ. ಗಂಡು ಬೆದೆಗಾಲದಲ್ಲಿ ಬೆನ್ನು ಕೆಂಪಾಗಿಸಿ ಪಕ್ಕೆ ಕಪ್ಪಾಗಿಸಿ ಬಂಡೆಯ ನೆತ್ತಿಯಲ್ಲಿ ಕೂರುವ ಜಾತಿಗೆ ಪ್ರಾಣಿಶಾಸ್ತ್ರಜ್ಞ ಫಿಟ್ಸಿಂಗರ್ 1843ರಲ್ಲಿ ಸಾಮೊಫಿಲಸ್, ಅಂದರೆ ಮರಳುಪ್ರಿಯ, ಎಂಬ ಕುಲನಾಮ ಕೊಟ್ಟ. ನಮ್ಮ ಬಂಡೆಓತಿಯೆಂಬ ಹೆಸರೇ ಅದರ ನೆಲೆಗೆ ಹೆಚ್ಚು ಹತ್ತಿರ. ಪಕ್ಕೆಲುಬುಗಳ ಮೇಲೆ ಹಿಗ್ಗಿದ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವುದು ಹಾರುವ ಓತಿ. ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಅದು ಮನೆಮಾತು.

ಘಟ್ಟದ ಮಳೆಕಾಡಿನಲ್ಲಿ ಮರದೋತಿಗಳನ್ನು ಬೇರ್ಪಡಿಸಲು ಬಣ್ಣ ಸಾಲದು. ತಲೆಯ ಮೇಲಿನ ಮುಳ್ಳುಗಳು, ಭುಜದ ಮುಂದಿನ ಚರ್ಮದ ಮಡಿಕೆ, ಪಕ್ಕೆಯ ಹುರುಪೆಗಳು ಎತ್ತ ಮುಖಮಾಡಿವೆ ಎಂಬುದು, ಇವೇ ಗುರುತು. ಬೇಲಿಯ ಓತಿಯಲ್ಲಿ ಹುರುಪೆಗಳು ಹಿಂದಕ್ಕೂ ಮೇಲಕ್ಕೂ ಚಾಚಿರುತ್ತವೆ. ಬಹುಕಾಲ ಕ್ಯಾಲೋಟಿಸ್ ಎಂಬ ಒಂದೇ ಕುಲದಲ್ಲಿದ್ದ ಈ ಬಳಗವನ್ನು 2018ರಲ್ಲಿ ಸಂಶೋಧಕರು ಪುನಃ ಅಳೆದು, ಕೆಲವನ್ನು ಮೋನಿಲೆಸಾರಸ್ ಎಂಬ ಹೊಸ ಕುಲಕ್ಕೆ ಸೇರಿಸಿದರು. ಮೋನಿಲೆ ಎಂದರೆ ಲ್ಯಾಟಿನಿನಲ್ಲಿ ಕಂಠಾಭರಣ. ಆ ಕುಲದಲ್ಲಿ ಆಗಲೇ ಹೊಸದಾಗಿ ವರ್ಣಿತವಾದ ಒಂದು ಜಾತಿ ಮೊಂಟಾನಸ್, ಬೆಟ್ಟದ್ದು. ಮತ್ತೊಂದು ಎಲಿಯೋಟಿ, ಪ್ರಾಣಿಶಾಸ್ತ್ರಜ್ಞ ಗ್ಯುಂಥರ್ 1864ರಲ್ಲಿ ಹೆಸರಿಸಿದ್ದು. ಆ ಹೆಸರಿನ ಹಿಂದಿನ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ನಮಗೆ ಹೊರಗಿನವನಲ್ಲ: 1824ರ ಕಿತ್ತೂರಿನ ಕಾಳಗದಲ್ಲಿ ಚೆನ್ನಮ್ಮನ ಸೆರೆಯಲ್ಲಿದ್ದವನು, ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದವನು. ಶಾಸನದ ಪದಗಳನ್ನು ತಡಕುವ ನಮ್ಮಂಥವರಿಗೆ ಘಟ್ಟದ ಓತಿಯೊಂದು ಅವನ ಹೆಸರು ಹೊತ್ತಿರುವುದು ಸಂತೋಷದ ಸಂಗತಿ.

ಕುಲನಾಮದ ಬೆನ್ನಿಗೆ ಗುಣನಾಮವಿಟ್ಟು ಜಾತಿ ಗುರುತಿಸುವುದು ಲ್ಯಾಟಿನಿನ ಕ್ರಮ. ಗುಣವನ್ನು ಮುಂದಿಟ್ಟು ಓತಿಯನ್ನು ಹಿಂದೆ ನಿಲ್ಲಿಸುವುದು ಕನ್ನಡದ್ದು. ಬಂಡೆಓತಿ, ಹಾರುವ ಓತಿ, ಮರದೋತಿ, ಮಲೆಯೋತಿ: ಒಂದೇ ಪದದಿಂದ ಇಡೀ ಕುಟುಂಬವನ್ನು ಹೆಸರಿಸುವ ಕಸುವು ನಮ್ಮ ನುಡಿಗಿದೆ. ಮಲೆನಾಡಿನ ಓದುಗರಲ್ಲಿ ಒಂದು ಬಿನ್ನಹ: ನಿಮ್ಮೂರಿನ ಹಿರಿಯರು ಯಾವ ಓತಿಗೆ ಯಾವ ಹೆಸರು ಹೇಳುತ್ತಾರೆಂಬುದನ್ನು, ಅದರ ಮುಳ್ಳು, ಮಡಿಕೆ, ನೆಲೆಗಳ ವಿವರದ ಜೊತೆಗೆ, ದಯವಿಟ್ಟು ಬರೆದಿಡಿ.