ಹಳೇ ಬೈಕಿನ ಟ್ರಾಲಿ: ತೋಟಕ್ಕೆ ಸೈ, ಅಣಶಿ ಘಟ್ಟಕ್ಕೆ ಬೇಡ

ಜೋಯಿಡಾ: ಅಣಶಿ ಭಾಗದಲ್ಲಿ ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ. ಗೊಬ್ಬರ, ದರಕು, ಅಡಿಕೆ, ಗೆಡ್ಡೆ-ಗೆಣಸು ಸಾಗಿಸಲಿಕ್ಕೆ ಪ್ರತಿ ಸಲ ಪಿಕಪ್ ಕರೆಸಿದರೆ ಬಾಡಿಗೆಗೇ ದುಡ್ಡು ಖಾಲಿ. ಹಾಗಾಗಿ ಇಂಜಿನ್ ಹೋದ ಹಳೇ ಬೈಕನ್ನ ಗುಜರಿಗೆ ಹಾಕುವ ಬದಲು ಟ್ರಾಲಿ ಮಾಡಿದರೆ ಹೇಗೆ ಅಂತ ಕೇಳುವವರು ಇದ್ದಾರೆ. ಮಾಡಬಹುದು. ಆದರೆ ಅದು ಸ್ವಂತ ಜಾಗದೊಳಗೆ ಮಾತ್ರ. ಯಾಕೆ ಅನ್ನೋದು ಇಲ್ಲಿದೆ.

ಬೈಕನ್ನ ಕೃಷಿಗೆ ಬದಲಾಯಿಸೋದು ಹೊಸತಲ್ಲ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾಣಿ 1994ರಲ್ಲೇ ಬುಲೆಟ್‌ನ ಹಿಂದಿನ ಚಕ್ರ ತೆಗೆದು ಉಳುಮೆ ಸಲಕರಣೆ ಜೋಡಿಸಿ 'ಬುಲೆಟ್ ಸಾಂತಿ' ಮಾಡಿದ್ದರು. ಅದೂ ಹೊಲದ ಕೆಲಸಕ್ಕೆ.

ಮೊದಲು ಕಾಗದಪತ್ರ

ಬೈಕ್ ಕತ್ತರಿಸುವ ಮೊದಲು ಆರ್‌ಸಿ ನಿಮ್ಮ ಹೆಸರಲ್ಲೇ ಇದೆಯಾ ನೋಡಿ. ಗಾಡಿ ಮತ್ತೆ ಓಡಿಸಲಾಗದ ಸ್ಥಿತಿಗೆ ಬಂದರೆ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳ್ತದೆ. ನಮ್ಮ ಕಡೆಯವರು ದಾಂಡೇಲಿ ಕಚೇರಿಯಲ್ಲಿ (ಕೆಎ-65) ವಿಚಾರಿಸಬಹುದು. ಗುಜರಿಯಿಂದ ತರೋದಾದರೆ ರಸೀದಿ ಕೇಳಿ ಪಡೆಯಿರಿ. ಕಳವಿನ ಗಾಡಿಯ ಚಾಸಿ ನಿಮ್ಮ ಅಂಗಳದಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನೀವೇ.

ಏನು ಉಳಿಸಬೇಕು

ಹಿಂದಿನ ಚಕ್ರ, ಸ್ವಿಂಗ್ ಆರ್ಮ್, ಎರಡೂ ಶಾಕಪ್, ಡ್ರಮ್ ಬ್ರೇಕ್ ಹಾಗೂ ಅವು ಕೂತಿರುವ ಚಾಸಿಯ ಹಿಂಭಾಗ. ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ತೆಗೆದುಬಿಡಿ.

ಪೆಟ್ರೋಲ್ ಟ್ಯಾಂಕ್ ಮತ್ತು ಬ್ಯಾಟರಿ ಬಿಚ್ಚಿ ದೂರ ಇಟ್ಟ ಮೇಲೆಯೇ ಕಟರ್, ವೆಲ್ಡಿಂಗ್ ಮುಟ್ಟಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ. ಒಳಗೆ ಉಳಿದ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು, ಟ್ಯಾಂಕ್ ಸಿಡೀತದೆ.

ಟಯರ್ ಬದಿಯ ಅಂಕಿಯನ್ನೂ ಓದಿ. '2.75-18 42P' ಅಂತಿದ್ದರೆ 42 ಅಂದರೆ ಆ ಟಯರ್ ಹೊರುವ ಗರಿಷ್ಠ ಭಾರ 150 ಕೆಜಿ. ಬಿರುಕು ಬಿಟ್ಟ ಟಯರ್‌ಗೆ ಈ ಲೆಕ್ಕ ಅನ್ವಯಿಸಲ್ಲ.

ಕೊಂಡಿಯೇ ಜೀವ

ಕೆಲಸ ಕೆಡೋದು ಹೆಚ್ಚಾಗಿ ಇಲ್ಲೇ. ಬೈಕ್ ತಿರುವಿನಲ್ಲಿ ವಾಲ್ತದೆ, ಟ್ರ್ಯಾಕ್ಟರ್ ವಾಲೋದಿಲ್ಲ. ಆದ್ದರಿಂದ ಟ್ರ್ಯಾಕ್ಟರ್ ಕೊಂಡಿಯನ್ನ ನೋಡಿ ನಕಲು ಮಾಡಬೇಡಿ.

- ಒಂದು ಚಕ್ರದ ಟ್ರಾಲಿ: ಕೊಂಡಿ ಮೇಲೆ-ಕೆಳಗೆ, ಎಡ-ಬಲ ಆಡಬೇಕು. ತಿರುಚಿಕೊಳ್ಳಬಾರದು, ತಿರುಚಿದರೆ ಟ್ರಾಲಿ ಮಗುಚ್ತದೆ. ತೋಟದ ಕಾಲುದಾರಿಗೆ ಇದು ಅನುಕೂಲ.
- ಎರಡು ಚಕ್ರದ ಟ್ರಾಲಿ: ಆ ಎರಡರ ಜೊತೆ ತಿರುಚಿಕೊಳ್ಳಲೂ ಬೇಕು. ಇಲ್ಲದಿದ್ದರೆ ಬೈಕ್ ವಾಲಲಿಕ್ಕೇ ಆಗದೆ ಸವಾರ ಬೀಳ್ತಾನೆ.

ಕೊಂಡಿಯನ್ನ ಸೀಟಿನ ಹಿಂದಿನ ಕ್ಯಾರಿಯರ್‌ಗೆ ಕಟ್ಟಬೇಡಿ. ಚಾಸಿಯ ದಪ್ಪ ಪೈಪಿಗೆ, ಆದಷ್ಟು ತಗ್ಗಿನಲ್ಲಿ ಬೋಲ್ಟ್ ಹಾಕಿ. ಪಿನ್ ಕಳಚಿದರೂ ಟ್ರಾಲಿ ಬಿಟ್ಟು ಹೋಗದ ಹಾಗೆ ಒಂದು ಸರಪಳಿ ಇರಲಿ.

ಭಾರ ಎಲ್ಲಿ, ಎಷ್ಟು

ಒಂದು ಸಿಮೆಂಟ್ ಚೀಲದಷ್ಟು, ಅಂದರೆ 50 ಕೆಜಿಗೆ ನಿಲ್ಲಿಸಿ. 100 ಸಿಸಿ ಬೈಕ್ ಮಾಡಿದ್ದೇ ಇಬ್ಬರಿಗೆ. ಚೀಲ ತಗ್ಗಿನಲ್ಲಿ, ಚಕ್ರಕ್ಕಿಂತ ಸ್ವಲ್ಪ ಮುಂದೆ ಇರಲಿ. ಚಕ್ರದ ಹಿಂದೆ ಹೇರಿದರೆ ಕೊಂಡಿ ಮೇಲೆತ್ತಿ ಬೈಕಿನ ಹಿಂಬದಿ ಹಗುರಾಗ್ತದೆ, ಟ್ರಾಲಿ ಅತ್ತಿತ್ತ ಹೊಯ್ದಾಡ್ತದೆ. ಎರಡು ಚಕ್ರದ್ದಾದರೆ ಒಟ್ಟು ಭಾರದ 10ರಿಂದ 15 ಭಾಗ ಶೇಕಡಾ ಕೊಂಡಿಯ ಮೇಲೆ ಬೀಳಬೇಕು.

ರಸ್ತೆಗೆ ಯಾಕೆ ಬೇಡ

ಅಣಶಿಯಿಂದ ಕದ್ರಾ ಕಡೆ ಇಳಿಯುವಾಗ ಹಿಂದಿನ ಭಾರ ಬೈಕನ್ನ ಮುಂದಕ್ಕೆ ನೂಕ್ತದೆ. ಮಳೆಗಾಲದ ತಿರುವಿನಲ್ಲಿ ಬ್ರೇಕ್ ಹಿಡಿದರೆ ಟ್ರಾಲಿ ಪಕ್ಕಕ್ಕೆ ಬಂದು ಬೈಕನ್ನೇ ಮಡಚಿ ಹಾಕ್ತದೆ. ಎದುರಿಂದ ಬಸ್ಸು ಬಂದರೆ ಮುಗೀತು.

ಕಾನೂನೂ ಒಪ್ಪಲ್ಲ. ಟ್ರಾಲಿಗೂ ನೋಂದಣಿ ಬೇಕು (61ನೇ ಕಲಂ). ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು (182ಎ ಕಲಂ). ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ತೋಟದೊಳಗೂ ಇಳಿಜಾರಿದ್ದರೆ ಟ್ರಾಲಿಯ ಡ್ರಮ್ ಬ್ರೇಕಿಗೆ ಕೇಬಲ್ ಎಳೆದು ಹ್ಯಾಂಡಲ್‌ಗೆ ಬೇರೆ ಲಿವರ್ ಕೊಡಿಸಿ. ಮೊದಲ ದಿನ ಖಾಲಿ ಟ್ರಾಲಿ ಓಡಿಸಿ, ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ನೋಡಿ, ಆಮೇಲೆ ಚೀಲ ಹೇರಿ. ಟ್ರಾಲಿಯಲ್ಲಿ ಮಕ್ಕಳನ್ನ ಮಾತ್ರ ಯಾವತ್ತೂ ಕೂರಿಸಬೇಡಿ.