ಗೇರು ಗುಡ್ಡದ ವಿಷ, ಸಾಬೀತಿನ ಹೊರೆ

ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕ ಪ್ರಕರಣವನ್ನು ಪರಿಹಾರದ ಮೊತ್ತ ಹಿಡಿದು ಅಳೆಯುವುದು ರೂಢಿ. ನನಗೆ ಕಾಣುವಂತೆ ದೊಡ್ಡ ಅನ್ಯಾಯ ಅದಕ್ಕೂ ಮೊದಲೇ ನಡೆದಿತ್ತು: ಸುರಿದವರು ನಿರಪಾಯವೆಂದು ತೋರಿಸಬೇಕಿರಲಿಲ್ಲ, ನೊಂದವರೇ ಅಪಾಯವನ್ನು ಸಾಬೀತುಪಡಿಸಬೇಕಾಯಿತು. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಗೇರಿಗೆ ತಗಲುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಿತು. ಇಂಥ ಸಿಂಪಡಣೆಯನ್ನು 24 ಗಂಟೆ ಮುಂಚೆ ಜನರಿಗೆ ತಿಳಿಸಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಆದರೆ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ತಿಳಿದುಕೊಂಡು ಮಾಡುವುದೇನು? ಅಲ್ಲಿ ಗೇರು ಗುಡ್ಡದ ಮೇಲೆ, ಮನೆ, ಅಡಿಕೆ ತೋಟ ಕೆಳಗೆ. ಕುಡಿಯುವ ನೀರು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ತಾನಾಗಿ ಹರಿದುಬರುತ್ತದೆ. ಬಾವಿಗಾದರೆ ಮಡಲು ಮುಚ್ಚಬಹುದು, ಇಡೀ ಗುಡ್ಡವನ್ನು ಮುಚ್ಚಲಾದೀತೇ?

ಜಿಲ್ಲೆಯ ಎಲ್ಲ ಕಾಯಿಲೆಗಳನ್ನೂ ಒಂದೇ ವಿಷದ ತಲೆಗೆ ಕಟ್ಟುವುದು ವಿಜ್ಞಾನವಲ್ಲ ಎನ್ನುವ ಕೃಷಿ ವಿಜ್ಞಾನಿಗಳಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಬ್ಬೊಬ್ಬ ರೋಗಿಯ ವಿಷಯದಲ್ಲೂ ಇಂಥದ್ದೇ ಕಾರಣವೆಂದು ಹೇಳಲು ಇಂದು ಸಾಧ್ಯವಿಲ್ಲ. ಆದರೆ ಆ ಅನಿಶ್ಚಿತತೆ ಹುಟ್ಟಿದ್ದು ಹೇಗೆ? ಊನಗೊಂಡ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀ ಪಡ್ರೆ ಬರೆದದ್ದು ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳುತ್ತಲೇ ಬಂದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಲು 1998ರಲ್ಲಿ ಕೋರ್ಟಿಗೆ ಹೋದರು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಗೆ ಬರುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಆಗಲೂ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಗಂಡುಮಕ್ಕಳ ಲೈಂಗಿಕ ಬೆಳವಣಿಗೆ ತಡವಾದದ್ದಕ್ಕೂ ಅದಕ್ಕೂ ನಂಟು ಕಂಡಿತು. ಸಿಂಪಡಿಸಿದಷ್ಟು ಕಾಲವೂ ಜನರ ಆರೋಗ್ಯದ ಲೆಕ್ಕ ಇಡದಿದ್ದವರಿಗೆ ಲೆಕ್ಕವಿಲ್ಲದಿರುವುದೇ ರಕ್ಷಣೆಯಾಗಬಾರದು.

ಬೇರೆ ದಾರಿ ಇಲ್ಲವೆಂದೇನಲ್ಲ. ಕ್ಯಾಲಿಫೋರ್ನಿಯಾದ 1986ರ ಕಾನೂನಿನಂತೆ ಸ್ಕ್ರೂಡ್ರೈವರಿನ ಹಿಡಿಕೆಯಲ್ಲಿ ಪ್ಲಾಸ್ಟಿಕ್ ಮೆದುವಾಗಿಸುವ ಥ್ಯಾಲೇಟ್ ಇದ್ದರೂ ಎಚ್ಚರಿಕೆ ಅಂಟಿಸಬೇಕಾಗಬಹುದು. ಕೈಗೆ ತಗಲುವ ಪ್ರಮಾಣ ಮಿತಿಯೊಳಗಿದೆ ಎಂದು ತೋರಿಸುವ ಹೊಣೆ ಕಂಪನಿಯದು. ರೋಗಿಯನ್ನು ಸಾಕ್ಷಿಗೆ ನಿಲ್ಲಿಸದೆಯೇ ಎಷ್ಟೋ ಕಂಪನಿಗಳು ರಾಜಿಗೆ ಬಂದು ಪ್ಲಾಸ್ಟಿಕ್ ಬದಲಿಸಿವೆ. ನಮ್ಮ ಸುಪ್ರೀಂ ಕೋರ್ಟೂ 2011ರ ಮೇ 13ರಂದು ಮುನ್ನೆಚ್ಚರಿಕೆಯ ತತ್ವ ಹಿಡಿದೇ ಎಂಡೋಸಲ್ಫಾನ್ ತಡೆಯಿತು. ಆದರೆ ಪರಿಹಾರ ಮತ್ತೆ ಹಳೆಯ ದಾರಿಯನ್ನೇ ಹಿಡಿಯಿತು. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಕೋರ್ಟು ವಿಚಾರಿಸಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ, ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ ಮಾತ್ರ.